ಎಳ್ಳು ಬೀರಲು ಪುಟ್ಟ ಕೈಯೂ ಬೇಕು

ಸಂಕ್ರಾಂತಿಗೆ ನಾಲ್ಕೈದು ದಿನ ಇರುವಾಗಲೇ ನಮ್ಮ ತಾರಸಿಯ ಮೇಲೆ ಹಳೇ ಬಿಳಿ ಪಂಚೆ ಹಾಸಿ, ಕೊಬ್ಬರಿ ಚೂರು, ಬೆಲ್ಲದ ಚೂರುಗಳನ್ನು ಬಿಸಿಲಿಗೆ ಹರವುತ್ತೇವೆ. ಹೋದ ಸಂಕ್ರಾಂತಿಗೆ ಮಗಳಿಗೆ ಎರಡೂವರೆ ವರ್ಷ. ಪಂಚೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, "ನಾನು ಮಾಡ್ತೀನಿ, ನಾನು ಮಾಡ್ತೀನಿ" ಅಂತ ಒಂದೇ ಹಟ. ಈ ವಯಸ್ಸಿನ ಮಕ್ಕಳಿಗೆಂದು ಅಂಗಡಿಯಿಂದ ಬಣ್ಣ, ಅಂಟು, ಮಿಂಚುಕಾಗದ ತಂದು ಬೇರೆ ಆಟ ಹೂಡಬೇಕಿಲ್ಲ. ಹಬ್ಬದ ಕೆಲಸದಲ್ಲೇ ಅವರ ಕೈಗೆ ಒಗ್ಗುವುದು ಬೇಕಾದಷ್ಟಿದೆ. ಬಿಸಿಯಾದದ್ದು, ಹರಿತವಾದದ್ದು, ಗಂಟಲಿಗೆ ಸಿಕ್ಕುವಂಥದ್ದು ಈ ಮೂರನ್ನು ದೊಡ್ಡವರ ಕಡೆಗೆ ಇಟ್ಟುಕೊಂಡರೆ ಉಳಿದದ್ದೆಲ್ಲ ಮಗುವಿನದೇ.

ಮೊದಲು ಗಂಟಲಿನ ಮಾತು

ಇದನ್ನು ಹೇಳದೆ ಮುಂದೆ ಹೋಗಲಾರೆ. ಎಳ್ಳು-ಬೆಲ್ಲದ ಮಿಶ್ರಣದಲ್ಲಿ ಇರುವುದೇ ಕಡಲೆಕಾಯಿ ಬೀಜ, ಹುರಿಗಡಲೆ, ಗಟ್ಟಿ ಕೊಬ್ಬರಿ ಚೂರು. ದವಡೆ ಹಲ್ಲು ಪೂರ್ತಿ ಬಂದಿರದ, ಓಡುತ್ತಾ ನಗುತ್ತಾ ತಿನ್ನುವ ಮಗುವಿನ ಶ್ವಾಸನಾಳಕ್ಕೆ ಜಾರಿಹೋಗುವ ಗಾತ್ರವೇ ಅದು. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಬೀಜ ಕೊಡಬೇಡಿ ಎಂದು ಮಕ್ಕಳ ವೈದ್ಯರು ಹೇಳುವುದು ಅದಕ್ಕೇ. ಮನೆಗೆ ಬಂದ ನೆಂಟರು ಪ್ರೀತಿಯಿಂದ ಒಂದು ಹಿಡಿ ಮಗುವಿನ ಬಾಯಿಗೆ ಹಾಕುವ ಮುಂಚೆ ನೀವೇ ಕೈ ಅಡ್ಡ ಹಿಡಿಯಿರಿ. ಹಬ್ಬದ ದಿನ ಯಾರು ಏನಂದುಕೊಂಡಾರೋ ಎಂಬ ಸಂಕೋಚ ಬೇಡ. ಕಡಲೆಕಾಯಿ, ಎಳ್ಳು ಎರಡೂ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ಹಿಂದೆ ತಿಂದಿಲ್ಲವಾದರೆ ಹಬ್ಬಕ್ಕೆ ವಾರ ಮೊದಲೇ, ಹಗಲು ಹೊತ್ತಿನಲ್ಲಿ, ಪುಡಿ ಮಾಡಿ ಚಿಟಿಕೆಯಷ್ಟು ತಿನ್ನಿಸಿ ನೋಡಿ.

ನಾಲ್ಕು ದಿನ ಮೊದಲು: ಹೆಚ್ಚುವುದು, ಉಜ್ಜುವುದು

ನಾನು ಹಾಕುವ ಅಳತೆ: ಕೊಬ್ಬರಿ ಎರಡು ಲೋಟ, ಬೆಲ್ಲ ಎರಡು ಲೋಟ, ಕಡಲೆಕಾಯಿ ಬೀಜ ಒಂದು, ಹುರಿಗಡಲೆ ಒಂದು, ಬಿಳಿ ಎಳ್ಳು ಅರ್ಧ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು, ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಚೂರು ಮಾಡುವುದು ಮಗು ಮಲಗಿದ ಮೇಲಿನ ಕೆಲಸ. ಒಂದು ದಿನದ ಬಿಸಿಲು ಬಿದ್ದರೆ ಬೆಲ್ಲ ಒಂದಕ್ಕೊಂದು ಅಂಟುವುದಿಲ್ಲ, ಕೊಬ್ಬರಿಗೆ ಮುಗ್ಗಲು ಹಿಡಿಯುವುದಿಲ್ಲ.

ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿ. ಈಗ ಮಗುವನ್ನು ಕರೆಯಿರಿ. ಬೀಜವನ್ನು ಬಟ್ಟೆಯ ಚೀಲಕ್ಕೆ ಸುರಿದು ಬಾಯನ್ನು ಗಂಟು ಹಾಕಿ ಕೊಟ್ಟರೆ ಚಪಾತಿ ಹಿಟ್ಟು ನಾದುವ ಹಾಗೆ ಒತ್ತುತ್ತದೆ, ಉರುಳಿಸುತ್ತದೆ, ಮೇಲೆ ಕೂರುತ್ತದೆ. ಹತ್ತು ನಿಮಿಷದಲ್ಲಿ ಸಿಪ್ಪೆ ಬಿಟ್ಟು ಬೀಜ ಎರಡು ಹೋಳಾಗಿರುತ್ತದೆ. ಗಂಟು ಬಿಗಿಯಾಗಿದ್ದರೆ ಒಂದು ಕಾಳೂ ಬಾಯಿಗೆ ಹೋಗುವುದಿಲ್ಲ. ಆಮೇಲೆ ಮೊರಕ್ಕೆ ಸುರಿದು ಕೇರುವಾಗ ಮಗುವನ್ನು ಸ್ವಲ್ಪ ದೂರ ಕೂರಿಸಿ. ಕೆಂಪು ಸಿಪ್ಪೆ ಗಾಳಿಗೆ ಹಾರುವುದನ್ನು ನೋಡುವುದೇ ಅದಕ್ಕೆ ಹಬ್ಬ.

ಸಕ್ಕರೆ ಅಚ್ಚಿನ ಹತ್ತಿರ ಮಾತ್ರ ಮಗು ಸುಳಿಯಲೇಬಾರದು. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿ. ಮೇಲೆ ಬಿದ್ದರೆ ಜಾರಿಹೋಗದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕುವುದನ್ನು, ಆರಿದ ಮೇಲೆ ಹೊರತೆಗೆದ ಆನೆ, ನವಿಲು, ತುಳಸಿಕಟ್ಟೆಗಳನ್ನು ಸಾಲಾಗಿ ಜೋಡಿಸುವುದನ್ನು ಅದಕ್ಕೆ ಬಿಟ್ಟರೆ ಸಾಕು. ಸಮಯವಿಲ್ಲದವರು ಅಂಗಡಿಯಿಂದ ತಂದರೂ ಏನೂ ಕೊರತೆಯಿಲ್ಲ.

ಮೂರು ದಿನ ಮೊದಲು: ಮಗುವಿನ ಪಾಲಿಗೆ ಚಿಗಳಿ

ಮಿಶ್ರಣ ತಿನ್ನಲಾಗದ ಮಗುವಿಗೆ ಹಬ್ಬದ ಸಿಹಿ ಏನು? ಚಿಗಳಿ. ನಾಗರ ಪಂಚಮಿಗೆ ನಮ್ಮ ಮನೆಗಳಲ್ಲಿ ಮಾಡುವ ಎಳ್ಳಿನ ಉಂಡೆಯೇ ಅದು. ಸಂಕ್ರಾಂತಿಗೆ ಮಾಡಬಾರದೆಂದು ಯಾರೂ ಹೇಳಿಲ್ಲ. ಪಾಕವಿಲ್ಲ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ, ಹಲ್ಲಿಗೂ ಮೆತ್ತಗೆ.

ಒಂದು ಲೋಟ ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಬಣ್ಣ ಕಪ್ಪಾದರೆ ಕಹಿ, ಹಾಗಾಗಿ ಸದ್ದು ಕೇಳುತ್ತಲೇ ತಟ್ಟೆಗೆ ಸುರಿಯಿರಿ. ತಣ್ಣಗಾದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಪುಡಿಯಾದ ಮೇಲೆ ಮುಕ್ಕಾಲು ಲೋಟ ಬೆಲ್ಲದ ಪುಡಿ, ಎರಡು ಚಮಚ ಕೊಬ್ಬರಿ ತುರಿ, ಒಂದು ಏಲಕ್ಕಿ ಹಾಕಿ ಇನ್ನೆರಡು ಸುತ್ತು. ಎಳ್ಳಿನ ಎಣ್ಣೆಯೂ ಬೆಲ್ಲದ ಪಸೆಯೂ ಸೇರಿ ಹಿಡಿದರೆ ಉಂಡೆ ನಿಲ್ಲುವ ಹದಕ್ಕೆ ಬಂದಿರುತ್ತದೆ. ತುಪ್ಪವೂ ಬೇಡ, ನೀರಂತೂ ಬೇಡವೇ ಬೇಡ. ನೀರು ಸೋಕಿದರೆ ಮರುದಿನಕ್ಕೇ ಹಾಳು.

ಇನ್ನು ಮಗುವಿನ ಸರದಿ. ಕೈ ತೊಳೆಸಿ, ಪೂರ್ತಿ ಒರೆಸಿ, ನೆಲದ ಮೇಲೆ ತಟ್ಟೆ ಇಟ್ಟು ಎದುರಿಗೆ ಕೂರಿಸಿ. ನೆಲ್ಲಿಕಾಯಿ ಗಾತ್ರದ ಉಂಡೆ ನೀವು ಕಟ್ಟಿಕೊಡಿ, ಅದು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಲಿ. ಗುಂಡನೆಯ ಉಂಡೆಗಿಂತ ಚಪ್ಪಟೆ ಬಿಲ್ಲೆಯೇ ಗಂಟಲಿಗೆ ಕ್ಷೇಮ, ಅದನ್ನೂ ಮುರಿದು ಚೂರು ಚೂರಾಗಿ ಕೂರಿಸಿಯೇ ತಿನ್ನಿಸಿ. ಪ್ರತಿ ಬಿಲ್ಲೆಯ ನಡುವೆ ಮೂಡುವ ಆ ಪುಟ್ಟ ಬೆರಳಿನ ಗುಳಿಗಿಂತ ಚೆಂದದ ಅಲಂಕಾರ ನನಗಂತೂ ಬೇರೆ ಕಂಡಿಲ್ಲ. ಮಗಳು ಆರು ಒತ್ತಿ ಎದ್ದುಹೋದಳು. ಎರಡೂವರೆ ವರ್ಷಕ್ಕೆ ಆರು ಬಿಲ್ಲೆ ಎಂದರೆ ದೊಡ್ಡ ಕೆಲಸ; ಉಳಿದವನ್ನು ನೀವು ಒತ್ತಿ. ಎರಡು ವರ್ಷ ತುಂಬದ ಮಗುವಿಗೆ ಬೆಲ್ಲವನ್ನೂ ಕೊಡದಿರುವುದು ಒಳ್ಳೆಯದು. ಅದು ಒತ್ತಲಿ, ದೊಡ್ಡವರು ತಿನ್ನಲಿ.

ಹಿಂದಿನ ದಿನ: ಬೆಂಡೆಕಾಯಿ ಹೂವಿನ ಪೊಟ್ಟಣ

ಎಳ್ಳು ಬೀರುವ ಪೊಟ್ಟಣಕ್ಕೆ ಹಳೇ ಪತ್ರಿಕೆ ಬೇಡ. ಮುದ್ರಣದ ಶಾಯಿ ತಿಂಡಿಗೆ ಸೋಕಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಪುಸ್ತಕಕ್ಕೆ ಹಾಕುವ ಕಂದು ಕಾಗದವನ್ನು ಹೊರಗೆ, ಬೆಣ್ಣೆ ಕಾಗದವನ್ನು ಒಳಗೆ ಇಟ್ಟು ಲಕೋಟೆಯಂತೆ ಮಡಚಿ, ಮೈದಾ ಗಂಜಿಯಲ್ಲಿ ಅಂಟಿಸಿ.

ಬಣ್ಣಕ್ಕೆ ಅಡುಗೆಮನೆ ಸಾಕು. ಬೀಟ್‌ರೂಟ್ ತುರಿದು ಹಿಂಡಿದ ರಸಕ್ಕೆ ಒಂದು ಚಮಚ ಅಕ್ಕಿಹಿಟ್ಟು ಕಲಸಿದರೆ ಗುಲಾಬಿ, ಅರಿಶಿನಕ್ಕೆ ನೀರು ಬೆರೆಸಿದರೆ ಹಳದಿ. ಆ ಹಳದಿಯ ಅರ್ಧವನ್ನು ಇನ್ನೊಂದು ಬಟ್ಟಲಿಗೆ ಹಾಕಿ, ಮಗುವಿನ ಕಣ್ಣೆದುರಿಗೇ ಚಿಟಿಕೆ ಅಡುಗೆ ಸೋಡಾ ಉದುರಿಸಿ: ಕೆಂಪಾಗುತ್ತದೆ. ಸುಣ್ಣ ಬೆರೆಸಿ ಆರತಿಯ ಓಕುಳಿ ಕದಡುವಾಗ ಆಗುವುದೂ ಇದೇ, ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಮಗುವಿನ ಬಟ್ಟಲಿಗೆ ಸೋಡಾವೇ ಇರಲಿ. ನಮ್ಮ ಮನೆಯಲ್ಲಿ ಇದನ್ನು ಐದು ಸಲ ಮಾಡಿ ತೋರಿಸಬೇಕಾಯಿತು.

ಬಲಿತ ಬೆಂಡೆಕಾಯಿಯನ್ನು ತೊಟ್ಟಿನ ಕಡೆ ಅಡ್ಡಕ್ಕೆ ಕತ್ತರಿಸಿದರೆ ಎಸಳೆಸಳಿನ ಹೂವು. ತೊಟ್ಟೇ ಹಿಡಿ. ಅದ್ದುವುದು, ಕಾಗದಕ್ಕೆ ಒತ್ತುವುದು, ಅಷ್ಟೆ. ಬಣ್ಣ ತೆಳುವಾಗಿದ್ದರೆ ಹೂವು ಹರಡಿಹೋಗುತ್ತದೆ, ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು. ಅಡ್ಡಾದಿಡ್ಡಿ ಒತ್ತಿದರೆ ತಿದ್ದಲು ಹೋಗಬೇಡಿ. ಅರಿಶಿನದ ಕಲೆ ಬಟ್ಟೆಗೆ ಬಿದ್ದರೆ ಒಗೆದು ಬಿಸಿಲಿಗೆ ಹಾಕಿ, ಮಾಸುತ್ತದೆ. ಬೀಟ್‌ರೂಟಿನ ಗುಲಾಬಿ ಮಾತ್ರ ಎರಡು ದಿನದಲ್ಲಿ ಕಂದಾಗುವುದರಿಂದ ಈ ಕೆಲಸ ಹಿಂದಿನ ದಿನವೇ ಸರಿ. ಬಣ್ಣ ಚೆನ್ನಾಗಿ ಒಣಗಿದ ಮೇಲೆ ಪೊಟ್ಟಣಕ್ಕೆ ಎರಡು ಹಿಡಿ ಎಳ್ಳು-ಬೆಲ್ಲ, ಒಂದು ಸಕ್ಕರೆ ಅಚ್ಚು ತುಂಬಿ.

ಹಬ್ಬದ ದಿನ

ಬೆಳಗ್ಗೆ ಬಾಗಿಲ ಮುಂದೆ ನೀವು ರಂಗೋಲಿ ಬಿಡುವಾಗ ಮಗುವಿಗೊಂದು ಬಟ್ಟಲು ಅಕ್ಕಿಹಿಟ್ಟು ಕೊಡಿ. ರಂಗೋಲಿ ಪುಡಿ ಕಲ್ಲಿನದು, ಅಕ್ಕಿಹಿಟ್ಟಾದರೆ ಬಾಯಿಗೆ ಹೋದರೂ ಭಯವಿಲ್ಲ.

ಸಂಜೆ ಮಗುವಿಗೆ ಕರಿ ಎರೆಯುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಸ್ವಲ್ಪ ಎಚ್ಚರ. ತಲೆಯ ಮೇಲಿಂದ ಸುರಿಯುವ ಎಲಚಿಹಣ್ಣಿನ ಒಳಗೆ ಗಟ್ಟಿ ಓಟೆ, ಜೊತೆಗೆ ಕಬ್ಬಿನ ಚೂರು, ಚಿಲ್ಲರೆ ಕಾಸು. ಉರುಳಿದ್ದನ್ನು ಹೆಕ್ಕಲು ಮಕ್ಕಳೆಲ್ಲ ಮುಗಿಬೀಳುತ್ತಾರೆ, ಎರಡು ವರ್ಷದ್ದು ಸಿಕ್ಕಿದ್ದನ್ನು ನೇರ ಬಾಯಿಗಿಡುತ್ತದೆ. ನಾವು ಸೇವಂತಿಗೆ ಎಸಳು, ಕಡಲೆಪುರಿ ಹೆಚ್ಚು ಹಾಕಿ, ಎಲಚಿಹಣ್ಣು ಐದು, ಐದು ರೂಪಾಯಿಯ ನಾಣ್ಯ ಐದು ಎಂದು ಎಣಿಸಿ ಹಾಕಿದೆವು. ಎಣಿಸಿ ವಾಪಸು ತೆಗೆದ ಮೇಲೆಯೇ ಮಗುವನ್ನು ಮಣೆಯಿಂದ ಇಳಿಸಿದ್ದು.

ಎಳ್ಳು ಬೀರಲು ಐದು ಗಂಟೆಗೇ ಹೊರಡಿ. ಏಳಕ್ಕೆ ನಿದ್ದೆಗೆಳೆಯುವ ಮಗು ಆರೂವರೆಗೆಲ್ಲ ರಗಳೆ ಶುರುಮಾಡುತ್ತದೆ. ಮೂರು ಮನೆ ಸಾಕು. ಕಬ್ಬಿನ ತುಂಡು, ಬಾಳೆಹಣ್ಣು, ಎಲೆಯಡಿಕೆ ನಿಮ್ಮ ತಟ್ಟೆಯಲ್ಲಿರಲಿ. ಹೂವೊತ್ತಿದ ಪೊಟ್ಟಣವೊಂದೇ ಅದರ ಎರಡು ಕೈಯಲ್ಲಿ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನುವಷ್ಟು ನಾಲಿಗೆ ಹೊರಳದಿದ್ದರೆ "ತಗೊಳ್ಳಿ ಅಜ್ಜಿ" ಸಾಕು. ಎದುರು ಮನೆಯ ಅಜ್ಜಿ ಪೊಟ್ಟಣವನ್ನು ತಿರುಗಿಸಿ ನೋಡಿ, "ಈ ಹೂವು ಯಾರು ಮಾಡಿದ್ದು ಪುಟ್ಟಾ?" ಎಂದರು. ಮಗಳು ಹಳದಿ ಹತ್ತಿದ ಹೆಬ್ಬೆರಳನ್ನು ಎತ್ತಿ ತೋರಿಸಿದಳು.