ಸ್ಟೌಟ್ ರುಚಿ ನೋಡುವಾಗ

ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರ್) ಕೇಳಿದರೆ ಹೆಚ್ಚಿನ ಕಡೆ ಮಂಜಿನಷ್ಟು ತಣ್ಣಗೆ ತಂದಿಡುತ್ತಾರೆ. 3–4 ಡಿಗ್ರಿಯಲ್ಲಿ ನಾಲಿಗೆಗೆ ಸಿಗುವುದು ಕಹಿ ಮತ್ತು ಗ್ಯಾಸ್, ಅಷ್ಟೇ. 150 ಮಿಲಿ ತರಿಸಿ, ಒಂದು ಗುಟುಕು ಕುಡಿದು, ಕಾಲು ಗಂಟೆ ಹಾಗೇ ಬಿಡುತ್ತೇನೆ. ನಿಜವಾದ ರುಚಿ ನೋಡುವುದು 10–12 ಡಿಗ್ರಿಗೆ ಬಂದ ಮೇಲೆ. ಅಲ್ಲಿಯವರೆಗೆ ಪೀನಟ್ ಮಸಾಲಾ ಮುಟ್ಟುವುದಿಲ್ಲ. ನಿಂಬೆ, ಖಾರ ತಾಗಿದ ನಾಲಿಗೆ ಲೆಕ್ಕಕ್ಕಿಲ್ಲ.

ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿದ್ದರೆ ಜಿಡ್ಡು ಉಳಿದಿದೆ ಎಂದರ್ಥ. ನೊರೆ ಬೇಗ ಇಳಿದುಹೋಗುತ್ತದೆ, ತಪ್ಪು ಬಿಯರಿನದಲ್ಲ; ಬೇರೆ ಗ್ಲಾಸ್ ಕೇಳಿ.

ಗ್ಲಾಸನ್ನು ಮೆಲ್ಲಗೆ ತಿರುಗಿಸಿ ಎರಡು ಸಲ ಚಿಕ್ಕದಾಗಿ ಮೂಸಿದರೆ ಸಾಕು. ಚಿಕೋರಿ ಹಾಕದ ಡಿಕಾಕ್ಷನ್ ನೆನಪಾದರೆ ಅದು ಹುರಿದ ಬಾರ್ಲಿ. ಕೋಕೋ ಬಂದರೆ ಚಾಕೊಲೇಟ್ ಮಾಲ್ಟ್ (ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ; ಚಾಕೊಲೇಟ್ ಎಂಬ ಹೆಸರು ಬಣ್ಣದ್ದು, ಅದರಲ್ಲಿ ಚಾಕೊಲೇಟ್ ಇರುವುದಿಲ್ಲ). ಬೆಲ್ಲದ ಪಾಕದಂಥ ಸಿಹಿ ಕ್ರಿಸ್ಟಲ್ ಮಾಲ್ಟಿನದು. ಸೋಯಾ ಸಾಸ್ ವಾಸನೆ ಮಾತ್ರ ಒಳ್ಳೆಯದಲ್ಲ. ಯೀಸ್ಟ್ ಸತ್ತು ಕರಗಿದಾಗ, ಇಲ್ಲವೇ ಬಿಯರ್ ಹಳೆಯದಾದಾಗ ಬರುತ್ತದೆ.

ಹೆಚ್ಚು ಜನ ಎಡವುವುದು ಹುಳಿಯಲ್ಲಿ. ಕಪ್ಪು ಮಾಲ್ಟಿಗೆ ತನ್ನದೇ ಹುಳಿಯಿದೆ, ತಣ್ಣಗಾದ ಕಪ್ಪು ಕಾಫಿಯಂತೆ. ಹಾಗಾಗಿ ಅದಕ್ಕೆ ಐರ್ಲೆಂಡಿನ ಡಬ್ಲಿನ್ನಿನಂಥ, ಹುಳಿ ತಗ್ಗಿಸುವ ಬೈಕಾರ್ಬೊನೇಟ್ ನೀರು ಒಗ್ಗುತ್ತದೆ. ಬರೀ ಆರ್‌ಒ ನೀರಿನಲ್ಲಿ, ಅಡುಗೆ ಸೋಡಾದಂಥದ್ದೇನೂ ಸೇರಿಸದೆ ಮ್ಯಾಶ್ ಮಾಡಿದರೆ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದರೆ) ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 5.2ಕ್ಕಿಂತ ಕೆಳಗಿಳಿದು, ಬಾಯಿ ಒಣಗಿಸುವ ಚುರುಕು ಹುಳಿ ಉಳಿಯುತ್ತದೆ. ಅದು ಬ್ರೂವರ್‌ನ ಲೆಕ್ಕದ ತಪ್ಪು, ಬಿಯರ್ ಕೆಟ್ಟಿಲ್ಲ. ಹಳೇ ಮಜ್ಜಿಗೆಯ ಹುಳಿ ಬಂದರೆ ಬ್ಯಾಕ್ಟೀರಿಯಾ ಸೇರಿದೆ. ಗ್ಲಾಸ್ ವಾಪಸ್ ಕೊಡಿ.

ಬೆಣ್ಣೆ ವಾಸನೆ ಅನುಮಾನವಿದ್ದರೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ, ಮತ್ತೆ ಮೂಸಿ. ಥಿಯೇಟರಿನ ಪಾಪ್‌ಕಾರ್ನ್ ನೆನಪಾದರೆ ಅದು ಡಯಾಸಿಟೈಲ್, ಹುದುಗುವಾಗ ಹುಟ್ಟುವ ಬೆಣ್ಣೆ ವಾಸನೆಯ ರಾಸಾಯನಿಕ. ಯೀಸ್ಟ್ ಅದನ್ನು ತಿಂದು ಮುಗಿಸುವ ಮೊದಲೇ ಟ್ಯಾಂಕ್ ತಣ್ಣಗಾಗಿಸಿದರೆ ಹೀಗಾಗುತ್ತದೆ. ಜೊತೆಗೆ ಹುಳಿಯೂ ಇದ್ದರೆ ನನ್ನ ಮೊದಲ ಅನುಮಾನ ಸರಿಯಾಗಿ ತೊಳೆಯದ ಟ್ಯಾಪಿನ ಪೈಪ್ ಮೇಲೆ.

ನೈಟ್ರೋ ಟ್ಯಾಪಿನದನ್ನು ಬೇರೆಯಾಗಿಯೇ ಅಳೆಯಬೇಕು. ಅದರ ಗ್ಯಾಸಿನಲ್ಲಿ ಮುಕ್ಕಾಲು ಪಾಲು ನೈಟ್ರೋಜನ್. ನೊರೆ ಕೆನೆಯಂತಿರುತ್ತದೆ, ಚುರುಕು ತಗ್ಗುತ್ತದೆ, ಪರಿಮಳವೂ ತಗ್ಗುತ್ತದೆ. ಎರಡೂ ಬಗೆ ಸಿಕ್ಕರೆ ನಾನು ಮೊದಲು ಮಾಮೂಲಿ ಟ್ಯಾಪಿನದನ್ನೇ ತರಿಸುತ್ತೇನೆ. ನೈಟ್ರೋದ ನುಣುಪಿನಲ್ಲಿ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ.