ಕ್ಯುರೇಟರ್ ಫೆಲೋಶಿಪ್‌ಗೆ ಅರ್ಜಿ ಹಾಕ್ತೀರಾ? ಬಜೆಟ್‌ನಿಂದ ಶುರು ಮಾಡಿ

ಊರಿನವರ ಜೊತೆ ಸೇರ್ಕೊಂಡು ಒಂದು ಪ್ರದರ್ಶನನೋ ಸಣ್ಣ ಮ್ಯೂಸಿಯಮ್ಮೋ ಮಾಡ್ಬೇಕು (ಇದನ್ನ ಮಾಡೋರೇ ಕ್ಯುರೇಟರ್), ಕೈಲಿ ಕಾಸಿಲ್ಲ, ಅದಕ್ಕೆ ದುಡ್ಡು ಕೊಡೋ ಫೆಲೋಶಿಪ್ ಹೇಗೆ ತಗೊಳೋದು ಅಂತ ಆಗಾಗ ಯಾರಾದ್ರೂ ಕೇಳ್ತಾನೇ ಇರ್ತಾರೆ. ನಂಗೆ ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಸಿಕ್ತು, ಮಧ್ಯದಲ್ಲಿ ಏನು ಬದಲಾಯ್ತು ಅನ್ನೋದನ್ನೇ ಹೇಳ್ತೀನಿ.

ಎಲ್ಲಿ ಹಾಕೋದು ಅಂದ್ರೆ, ಬೆಂಗಳೂರಲ್ಲೇ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಅಂತ ಕಲೆಯ ಕೆಲಸಕ್ಕೆ ದುಡ್ಡು ಕೊಡೋ ಸಂಸ್ಥೆ ಇದೆ, 1993ರಲ್ಲಿ ಶುರುವಾಗಿದ್ದು. ಅರ್ಜಿ ಕನ್ನಡದಲ್ಲೇ ಬರೀಬಹುದು, ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರೀಬೇಡಿ. ಇನ್ನೊಂದು ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್: ಜೂನಿಯರ್‌ಗೆ ತಿಂಗಳಿಗೆ 10,000 ರೂಪಾಯಿ, 40 ದಾಟಿದ ಸೀನಿಯರ್‌ಗೆ 20,000, ಎರಡು ವರ್ಷ. ಆದ್ರೆ ಅದು ತಿಂಗಳು ತಿಂಗಳು ಬರಲ್ಲ, ಆರಾರು ತಿಂಗಳಿಗೊಂದು ಕಂತು. ಇದು ನೆನಪಿರ್ಲಿ, ಆಮೇಲೆ ಬೇಕಾಗತ್ತೆ.

ನನ್ನ ಕೆಲಸ ಉತ್ತರ ಕನ್ನಡದ ಯಲ್ಲಾಪುರ ಕಡೆ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕೌದಿ ಮೇಲೆ, ಅವರು ಕವಂದಿ ಅಂತಾರೆ. ಮೊದಲ ಅರ್ಜಿಯಲ್ಲಿ "ಅಳಿವಿನಂಚಿನಲ್ಲಿರುವ ಕಲೆ" ಅಂತ ಶುರು ಮಾಡಿ ಮೂರು ಪುಟ ಕೊರೆದಿದ್ದೆ. ಬಜೆಟ್‌ನಲ್ಲಿ ಕ್ಯಾಮೆರಾ ಬಾಡಿಗೆ, ನನ್ನ ಓಡಾಟ, ಕ್ಯಾಟಲಾಗ್ ಪ್ರಿಂಟಿಂಗ್, ಗಾಜಿನ ಫ್ರೇಮು, ಕೊನೇ ಸಾಲಲ್ಲಿ "ಕಲಾವಿದರಿಗೆ ಗೌರವಧನ" ಅಂತ ತಲೆಗೆ 500 ರೂಪಾಯಿ. ಸಂದರ್ಶನದಲ್ಲಿ ಒಬ್ರು ಕೇಳಿದ್ದು ಒಂದೇ ಪ್ರಶ್ನೆ, ಇದ್ರಲ್ಲಿ ಹೊಲಿಯೋರು ಎಲ್ಲಿದ್ದಾರೆ? ಬಾಯಿ ಕಟ್ಟಿಹೋಯ್ತು. ಅಳಿವಿನಂಚೂ ಸುಳ್ಳೇ ಆಗಿತ್ತು ಅನ್ನಿ. 2004ರಲ್ಲೇ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಜೊತೆ ಸೇರಿ ಅಲ್ಲಿನ ಹೆಂಗಸರು ಸಹಕಾರಿ ಗುಂಪು ಕಟ್ಟಿದ್ರು, ಅವರ ಕವಂದಿ ಅಮೆರಿಕದಲ್ಲಿ ಪ್ರದರ್ಶನನೂ ಕಂಡಿತ್ತು, ನಾನು ಹೋಗಿ ಉಳಿಸೋದೇನಿತ್ತು! ಹಂಗಾಗಿ ಬರೆಯೋಕೆ ಮುಂಚೆ ಅಲ್ಲಿ ಈಗಾಗ್ಲೇ ಏನಾಗಿದೆ ಅಂತ ಊರವರನ್ನೇ ಕೇಳಿ.

ಆಮೇಲೆ ಕ್ಯಾಮೆರಾ ಇಲ್ದೆ ಹೋಗಿ ಸುಮ್ನೆ ಕೂತೆ. ಹಳೇ ಸೀರೆ, ಲುಂಗಿ ತುಂಡು, ಒಂದು ಮೂಲೆಯಿಂದ ಹೊಲಿಗೆ ಶುರುವಾಗಿ ಸುತ್ತ ಸುತ್ತ ನಡುವಿಗೆ ಬರತ್ತೆ, ಕೊನೆಗೆ ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನ ಬಟ್ಟೆ, ಅದಕ್ಕೆ ಫುಲಾ, ಅಂದ್ರೆ ಹೂವು, ಅಂತಾರೆ. ಅದಿಲ್ದಿದ್ರೆ ಕವಂದಿ ಬತ್ತಲೆ ಅಂತೆ. ಫ್ರೇಮ್ ವಿಷಯ ಹೇಳಿದ್ದಕ್ಕೆ ಒಂದು ಅಜ್ಜಿ ನಕ್ಕುಬಿಡ್ತು, "ಹೊದೆಯೋದನ್ನ ಗೋಡೆಗೆ ಹಾಕಿದ್ರೆ ಚಳಿ ಯಾರಿಗೆ ಹೋಗತ್ತೆ, ಗೋಡೆಗಾ?" ಫ್ರೇಮಿನ ದುಡ್ಡು ಅಲ್ಲೇ ಕ್ಯಾನ್ಸಲ್. ಪ್ರದರ್ಶನ ಊರ ಶಾಲೆಗೆ ಬಂತು, ಕವಂದಿ ಹಗ್ಗದ ಮೇಲೆ, ಯಾರ್ ಬೇಕಾದ್ರೂ ಮುಟ್ಟಬಹುದು.

ಎರಡನೇ ಅರ್ಜಿ ಶುರುವಾಗಿದ್ದು ಆ ಅಜ್ಜಿ ಮಾತಿಂದ. ಬಜೆಟ್ ಮಾಡೋವಾಗ ಹೀಗೆ ಲೆಕ್ಕ ಹಾಕಿ: ಒಬ್ಬಾಕೆ ನಿಮ್ಮ ಜೊತೆ ಕೂತ್ರೆ ಅವತ್ತಿನ ಕೂಲಿ ಹೋಯ್ತು, ಆ ಕೂಲಿ ಮೊದಲು ಬರೀರಿ, ಅದರ ಮೇಲೆ ಅವಳಿಗಿರೋ ವಿದ್ಯೆಗೆ ಅಂತ ಬೇರೆ ದುಡ್ಡು, ಆಟೋ, ಊಟ, ಮಗು ನೋಡ್ಕೊಳೋರಿಗೆ ಒಂದಿಷ್ಟು. ನಿಮ್ಮ ಸಂಬಳನೂ ಬರೀರಿ, ತ್ಯಾಗ ಗೀಗ ಅಂತ ಸೊನ್ನೆ ಹಾಕಿದ್ರೆ ಆರನೇ ತಿಂಗಳಿಗೆ ಬಾಡಿಗೆ ಕಟ್ಟೋಕೆ ಸಾಲ ಮಾಡ್ತೀರಿ. ಕಂತಿನ ವಿಷಯ ಹೇಳಿದ್ನಲ್ಲ, ಹೆಂಗಸರ ದುಡ್ಡು ಮೊದಲ ಕಂತಲ್ಲೇ ಬರೋ ಹಾಗೆ ನೋಡ್ಕೊಳ್ಳಿ. ನಿಮ್ಮ ಕ್ಯಾಟಲಾಗ್ ಕಾಯತ್ತೆ, ಅವರ ಅಡುಗೆಮನೆ ಕಾಯಲ್ಲ. ಆಧಾರ್‌ನಲ್ಲಿ ಒಂದು ಹೆಸರು ಪಾಸ್‌ಬುಕ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ರೆ ದುಡ್ಡು ವಾಪಸ್ ಬರತ್ತೆ, ಅದನ್ನೂ ಮೊದಲೇ ನೋಡಿ. ಟಿಡಿಎಸ್, ಅಂದ್ರೆ ದುಡ್ಡು ಕೊಡೋ ಮುಂಚೆನೇ ಕಳೆಯೋ ತೆರಿಗೆ, ಹಿಡೀತಾರಾ ಅಂತ ಸಂಸ್ಥೆಗೆ ಫೋನ್ ಮಾಡಿ ಕೇಳಿ.

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬರೋದು ಸುಲಭ, ಆದ್ರೆ ಅದ್ರಲ್ಲೇನಿದೆ ಅಂತ ಅವರ ಮುಂದೆ ಜೋರಾಗಿ ಓದಿ, ವಸ್ತು ಕೊನೆಗೆ ಯಾರ ಹತ್ರ ಇರತ್ತೆ, ಫೋಟೋ ಯಾರ್ದು, ಮಾರಾಟ ಆದ್ರೆ ಯಾರಿಗೆ, ಈ ಮೂರನ್ನೂ ಬಾಯಲ್ಲೇ ಹೇಳಿ ರೆಕಾರ್ಡ್ ಮಾಡ್ಕೊಳ್ಳಿ. ನಾಟಿ ಟೈಮಲ್ಲಿ ಹೋಗ್ಬೇಡಿ, ಯಾರೂ ಸಿಗಲ್ಲ.

ಇನ್ನೊಂದು, ಪ್ರದರ್ಶನದಲ್ಲಿ ವಸ್ತು ಪಕ್ಕ ಹಾಕೋ ಹೆಸರಿನ ಲೇಬಲ್ ಎರಡು ಸಲ ಪ್ರಿಂಟ್ ಮಾಡೋಕೆ ದುಡ್ಡಿಡಿ. ಪ್ರದರ್ಶನದ ಹಿಂದಿನ ದಿನ ಎಲ್ಲಾ ಲೇಬಲ್ ಓದಿ ಹೇಳ್ತಿದ್ದೆ, ಮೊದಲನೇದಕ್ಕೇ ಅಜ್ಜಿ ತಡೆದ್ಲು, "ಆ ಕೆಂಪು ಸೀರೆ ನಂದಲ್ಲ, ಸೊಸೇದು, ಅವಳ ಹೆಸರೂ ಹಾಕು." ಹನ್ನೊಂದು ಲೇಬಲ್ ರಾತ್ರಿ ಕೂತು ಕೈಯಲ್ಲೇ ಬರೆದ್ವಿ.