ಏರ್ ಬೆಡ್ ನಂಬದೆ ಬೆಡ್‌ಸೋರ್ ತಡೆದದ್ದು: ನನ್ನ ಅನುಭವ

ಕುಮಟಾ, ಅಂಕೋಲಾ ಕಡೆ ಹಾಸಿಗೆ ಹಿಡಿದ ಹಿರಿಯರನ್ನು ಮನೆಗೇ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ಒಂದೇ ಕಡೆ ಮಲಗಿ ಮೈ ಒತ್ತಿ ಆಗುವ ಹುಣ್ಣು, ಅಂದರೆ ಬೆಡ್‌ಸೋರ್ ತಡೆಯಲು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಎಂದು ಮನೆಯವರಿಗೆ ಕಲಿಸುತ್ತೇನೆ. "ಮನೆಯವರು ಎರಡು ತಾಸಿಗೊಮ್ಮೆ ಹೊರಳಿಸ್ತಾರಾ? ಸುಮ್ನೆ ಹೇಳ್ಬೇಡ" ಎಂದಿದ್ದರು ಒಬ್ಬರು ಹಿರಿಯ ಸಿಸ್ಟರ್. ಹೊರಳಿಸುತ್ತಾರೆ. ಈಚಿನ ಹತ್ತು-ಹನ್ನೆರಡು ಮನೆಗಳಲ್ಲಿ ಹೊಸ ಹುಣ್ಣು ಶುರುವಾಗಿದ್ದು ಒಂದೆರಡು ಕಡೆ. ಅವೂ ಚರ್ಮ ಒಡೆಯುವ ಮೊದಲೇ ಮಾಯವಾದವು.

ಮುಂಬೈಯಲ್ಲಿರುವ ಮಗ ಮೂರು-ನಾಲ್ಕು ಸಾವಿರ ಕೊಟ್ಟು ಏರ್ ಬೆಡ್, ಅಂದರೆ ಕರೆಂಟ್ ಪಂಪಿನಿಂದ ಗಾಳಿ ತುಂಬುವ ಹಾಸಿಗೆ, ತರಿಸುತ್ತಾನೆ. ಜುಲೈ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಪಂಪ್ ನಿಂತು ಬೆಡ್ ಚಪ್ಪಟೆ. ಒಂದು ಮನೆಯಲ್ಲಿ ಇಲಿ ಪೈಪನ್ನೇ ಕಡಿದಿತ್ತು. ಅದಕ್ಕಿಂತ ದೊಡ್ಡ ತೊಂದರೆ, ಬೆಡ್ ಇದೆಯಲ್ಲ ಎಂದು ಹೊರಳಿಸುವುದನ್ನೇ ಬಿಡುತ್ತಾರೆ. ಗ್ಲೌಸ್‌ಗೆ ನೀರು ತುಂಬಿ ಹಿಮ್ಮಡಿ ಕೆಳಗಿಡುವುದು, ರಿಂಗ್ ಕುಶನ್, ಸ್ಪಿರಿಟ್ ಹಚ್ಚಿ ತಿಕ್ಕುವುದು, ಯಾವುದೂ ಫಲ ಕೊಡಲಿಲ್ಲ. ಕೆಂಪಾದ ಜಾಗ ತಿಕ್ಕಿದರೆ ಒಳಗಿನ ಮಾಂಸ ಇನ್ನೂ ಹಾಳಾಗುತ್ತದೆ. ಹುಣ್ಣು ಆಳಕ್ಕಿಳಿದರೆ ಡ್ರೆಸ್ಸಿಂಗಿಗೇ ತಿಂಗಳಿಗೆ ಆರೇಳು ಸಾವಿರ ಹೋದದ್ದನ್ನು ನೋಡಿದ್ದೇನೆ.

ಮೊದಲ ದಿನವೇ ಬ್ರೇಡನ್ ಸ್ಕೋರ್ ಬರೆಯುತ್ತೇನೆ. ಚರ್ಮದ ತೇವ, ಊಟ, ಓಡಾಟ ಇಂಥವಕ್ಕೆ ಅಂಕ ಕೊಟ್ಟು ಬೆಡ್‌ಸೋರ್ ಅಪಾಯ ಎಷ್ಟಿದೆ ಎಂದು ಅಳೆಯುವ ಲೆಕ್ಕ ಅದು. 18 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಾಯ. ಆದರೆ ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ. ನಮ್ಮಲ್ಲಿ ಮಳೆಗಾಲ ಬಂತೆಂದರೆ ತೇವದ ಅಂಕ ಇಳಿಯುತ್ತದೆ, ಊಟದ್ದೂ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗಿಳಿಯಲ್ಲ, ಮೀನು ತುಟ್ಟಿ. ಅಜ್ಜಿಗೆ ಸಿಗುವುದು ಗಂಜಿ, ಉಪ್ಪಿನಕಾಯಿ ಅಷ್ಟೇ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಉಳಿದವರಿಗೆ ಹೆಸರುಬೇಳೆ ಮತ್ತು ಮೊಸರು ಎಂದು ಹಟ ಹಿಡಿಯುತ್ತೇನೆ.

ಹೊರಳಿಸುವುದಕ್ಕೆ ಚಾರ್ಟ್ ಅಂಟಿಸಿದರೆ ಯಾರೂ ನೋಡಲ್ಲ. ಮನೆಗೆಲಸಕ್ಕೇ ಅದನ್ನು ಗಂಟು ಹಾಕಿದೆ. ಬೆಳಗಿನ ಚಾ ಆದಾಗ ಎಡಕ್ಕೆ, ಗಂಜಿ ಕುಡಿಸಿ ಅರ್ಧ ತಾಸು ಕೂರಿಸಿದ ಮೇಲೆ ಬಲಕ್ಕೆ, ಹೀಗೆ. ರಾತ್ರಿ ಯಾರೇ ಎದ್ದರೂ ಅಜ್ಜಿಯನ್ನು ಹೊರಳಿಸಿಯೇ ಮಲಗಬೇಕು. ಪೂರ್ತಿ ಪಕ್ಕಕ್ಕೆ ಬೇಡ, ಸೊಂಟದ ಮೂಳೆ ಒತ್ತುತ್ತದೆ. ಸುಮಾರು 30 ಡಿಗ್ರಿ ಸಾಕು, ಬೆನ್ನಿಗೆ ಮಡಚಿದ ಕೌದಿ. ಮೀನಖಂಡದ ಕೆಳಗೆ ದಿಂಬು ಕೊಟ್ಟರೆ ಹಿಮ್ಮಡಿ ಹಾಸಿಗೆ ಮುಟ್ಟಲ್ಲ. ಅಡಿಯಲ್ಲಿ ಬೆರಳು ಸಲೀಸಾಗಿ ಆಡಬೇಕು.

ಹುಣ್ಣಿನ ಮೊದಲ ಗುರುತು ಕೆಂಪು. ಕಪ್ಪು ಚರ್ಮದಲ್ಲಿ ಅದು ಕಾಣಲ್ಲ ಅಲ್ವಾ, ಅಲ್ಲಿ ಕೈ ಹಿಂಬದಿ ಇಟ್ಟು ನೋಡಿ. ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಎನಿಸಿದರೆ ಅವತ್ತಿನಿಂದಲೇ ಆ ಜಾಗದ ಮೇಲೆ ಭಾರ ಬೀಳಬಾರದು.

ಸಣಕಲು ಸೊಸೆಯೊಬ್ಬಳೇ ತೂಕದ ಮಾವನನ್ನು ಹೊರಳಿಸುವ ಪಟ್ಟೊಂದು ನನ್ನ ಬಳಿ ಇದೆ. ಅದನ್ನಿಲ್ಲಿ ಬರೆಯಲ್ಲ. ಎದುರಿಗೆ ನಿಂತು ಮಾಡಿಸದಿದ್ದರೆ ಸೊಂಟ ಹಿಡಿಯುತ್ತದೆ.

ದಿಂಬಿಗೆ ಬೂರುಗದ ಹತ್ತಿಯನ್ನೂ ತುಂಬಿಸಿ ನೋಡಿದೆ. ಒದ್ದೆಯಾದರೆ ಗಂಟು ಕಟ್ಟುತ್ತದೆ, ಬಿಟ್ಟೆ. ಹಳೇ ಕಾಟನ್ ಸೀರೆ ಮಡಚಿ ಹಾಸಿದ್ದು ಚೆನ್ನಾಗಿ ಹೊಂದಿತು. ಅವನ್ನು ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ ಒಣಗಿಸುತ್ತೇವೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಆದರೆ ಆಷಾಢದಲ್ಲೂ ಗರಿಗರಿ ಒಣಗುತ್ತವೆ. ದಿಂಬು, ತೇವದಿಂದ ಚರ್ಮ ಕಾಯುವ ಜಿಂಕ್ ಕ್ರೀಮ್ ಎಲ್ಲ ಸೇರಿ ಒಂದು ಮನೆಗೆ ಐನೂರರ ಒಳಗೇ ಮುಗಿಯುತ್ತದೆ.